ಹೆಬ್ಬೆಟ್ಟಿನ ಮೇಲಿನ ಖಾಲಿ ಜಾಗ

ತಿಂಗಳಿಗೊಮ್ಮೆ ಕಂಪ್ಯೂಟರಿಗೆ ಗಾಳಿ ಹೊಡೆಸುವುದು ಆ ಮನೆಯ ರೂಢಿ. ಹೊಸಪೇಟೆಯ ಸಂಡೂರು ರಸ್ತೆಗೆ ಮುಖ ಮಾಡಿಕೊಂಡು ಬದುಕುವವರಿಗೆ ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಚೀನಾ ದೇಶಕ್ಕೆ ಅದಿರು ಬೇಕಾಗಿತ್ತು, ಅದಕ್ಕಾಗಿ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದವು. ಅವು ಎಬ್ಬಿಸುವ ಕೆಂಪು ಧೂಳನ್ನು ಮಾತ್ರ ಯಾರೂ ಚೀನಾಕ್ಕೆ ಒಯ್ಯುತ್ತಿರಲಿಲ್ಲ, ಇಲ್ಲಿಯವರಿಗೇ ಬಿಟ್ಟಿದ್ದರು. ಅದು ಹಿಟ್ಟಿನ ಡಬ್ಬಿಯೊಳಕ್ಕೂ ಹೋಗುತ್ತಿತ್ತು, ದೇವರ ಪಟದ ಗಾಜಿನೊಳಕ್ಕೂ ಹೋಗುತ್ತಿತ್ತು. ಕಂಪ್ಯೂಟರಿನ ಹೊಟ್ಟೆಯನ್ನು ಬಿಟ್ಟೀತೇ? ಲಾರಿಯವರು ಇಂಜಿನ್ನಿನ ಫಿಲ್ಟರು ಊದಿಸಿಕೊಳ್ಳಲು ತಾಯಪ್ಪನ ಪಂಕ್ಚರ್ ಅಂಗಡಿಗೆ ಬರುತ್ತಿದ್ದರು. ಆ ಮನೆಯ ಯಜಮಾನ ಪಾಲಪ್ಪನೂ ತನ್ನ ಕಂಪ್ಯೂಟರಿನ ಡಬ್ಬಿಯನ್ನು ಹಳೆ ಪಂಚೆಯಲ್ಲಿ ಸುತ್ತಿಕೊಂಡು ಅದೇ ಸಾಲಿನಲ್ಲಿ ನಿಲ್ಲುತ್ತಿದ್ದ. ಆರು ವರ್ಷದಿಂದ ಆ ಯಂತ್ರ ಉಸಿರಾಡುತ್ತಿದ್ದುದು ತಾಯಪ್ಪನ ಗಾಳಿಯಿಂದಲೇ.

ಆ ತಿಂಗಳು ಪಾಲಪ್ಪನ ಸೊಂಟ ಹಿಡಿದುಕೊಂಡಿತು. ಎದ್ದರೆ ಕೂರಲಾರ, ಕೂತರೆ ಏಳಲಾರ. ಹೆಂಡತಿ ಗಾಳೆಮ್ಮನನ್ನು ಕರೆದ.

"ಇವತ್ತು ನೀನ ಒಯ್ಯಿ. ತಾಯಪ್ಪಗ ಹೇಳು, ಮೊದ್ಲು ಗಾಳಿ ಟ್ಯಾಂಕಿನ್ಯಾಗಿನ ನೀರು ಬಿಡ್ಬೇಕು, ಆಮ್ಯಾಲೆ ಗಾಳಿ. ಮರೀಬ್ಯಾಡ."

"ಲಾರಿಗೆ ಹೊಡ್ಯಾದು ಒಂದು ಗಾಳಿ, ನಿಮ್ಮ ಡಬ್ಬಿಗೆ ಒಂದು ಗಾಳಿ ಅಂತ ಐತೇನು?"

"ಗಾಳಿ ಒಂದ. ಅದರಾಗ ನೀರಿನ ಹನಿ ಇರ್ತಾವು. ಲಾರಿ ತಡೀತೈತಿ, ಇದು ತಡ್ಯಂಗಿಲ್ಲ."

ಗಾಳೆಮ್ಮ ಡಬ್ಬಿಯನ್ನು ಕೂಸಿನಂತೆ ಕಂಕುಳಿಗೇರಿಸಿಕೊಂಡು ಹೊರಟಳು. ಅವಳಿಗೆ ಐವತ್ತು ದಾಟಿತ್ತು. ಎರಡು ಗಂಟೆಗೆ ಅದಿರಿನ ಪ್ಲಾಟಿನ ಗೇಟಿನಲ್ಲಿ ಅವಳ ಪಾಳಿ. ಬೆಟ್ಟದಿಂದ ಇಳಿದ ಅದಿರನ್ನು ರಾಶಿ ಹಾಕಿಡುವ ಆ ಬಯಲಿಗೆ ನೀರು ಚಿಮುಕಿಸುವ ಕೂಲಿಯಾಗಿ ಸೇರಿದವಳು, ನಾಲ್ಕನೇ ಇಯತ್ತೆ ಓದಿದ್ದಾಳೆಂದು ಗೊತ್ತಾದ ಮೇಲೆ ಒಳಹೋಗುವ ಲಾರಿಗಳ ನಂಬರು ಬರೆಯಲು ಕೂತಿದ್ದಳು. ಕೂಲಿ ಮಾತ್ರ ನೀರು ಚಿಮುಕಿಸುವವಳದೇ.

ತಾಯಪ್ಪನ ಅಂಗಡಿ ಮುಂದೆ ಆರು ಲಾರಿ ನಿಂತಿದ್ದವು.

"ಮೊದ್ಲು ನೀರು ಬಿಡ್ಬೇಕಂತಪಾ," ಅಂದಳು.

"ಯಕ್ಕಾ, ನೀರು ಬಿಟ್ರ ಗಾಳೀನೂ ಹೋಗ್ತೈತಿ. ಮತ್ತ ತುಂಬಾಕ ಅರ್ಧ ತಾಸು. ಈ ಡ್ರೈವರ್ರು ನನ್ನ ಸುಮ್ನ ಬಿಡ್ತಾರೇನು? ನಾಳಿ ಮುಂಜಾನೆ ಬಾ."

ಒಂದೂವರೆ ಆಗಿತ್ತು. ತಡವಾದರೆ ಗೇಟಿನಲ್ಲಿ ಅರ್ಧ ದಿನದ ಹಾಜರಿ ಕತ್ತರಿಸುತ್ತಿದ್ದರು.

"ಏನಾಗಂಗಿಲ್ಲ, ಹೊಡಿಯಪಾ. ಜಲ್ದಿ ಹೊಡಿ."

ಡಬ್ಬಿಯೊಳಗಿಂದ ಕೆಂಪು ಮೋಡವೊಂದು ಎದ್ದಿತು. ಅದರ ಹಿಂದೆಯೇ ಮಜ್ಜಿಗೆ ಕಡೆಯುವಾಗ ಸಿಡಿಯುವಂಥ ಹನಿಗಳು. ಗಾಳೆಮ್ಮ ಸೆರಗು ಎಟುಕಿದಷ್ಟು ಒರೆಸಿದಳು. ಬಿಸಿಲಿಗೆ ಆರುತ್ತದೆ ಅಂದುಕೊಂಡಳು.

ಮನೆಯಲ್ಲಿ ಪಾಲಪ್ಪ ಮಲಗಿದಲ್ಲಿಂದಲೇ ಕೇಳಿದ: "ನೀರು ಬಿಡ್ಸಿದ್ಯಾ?"

"ಹೂಂ," ಅಂದು ಅವಳು ಚಪ್ಪಲಿ ಮೆಟ್ಟಿ ಗೇಟಿಗೆ ಓಡಿದಳು.

ಸಂಜೆ ಮನೆಗೆ ಬಂದಾಗ ಒಲೆ ಹಚ್ಚಿರಲಿಲ್ಲ. ಸೊಸೆ ಸ್ನೇಹಾ ಕಂಪ್ಯೂಟರಿನ ಮುಂದೆ ಕೈ ಕಟ್ಟಿ ನಿಂತಿದ್ದಳು. ಪಾಲಪ್ಪ ಸೊಂಟ ಹಿಡಿದುಕೊಂಡೇ ಎದ್ದು ಬಂದು ಗೋಡೆಗೆ ಒರಗಿದ್ದ. ಗುಂಡಿ ಒತ್ತಿದಾಗ ಒಗ್ಗರಣೆ ಸೀದಂಥ ವಾಸನೆ ಬಂತಂತೆ, ಆಮೇಲೆ ಏನೂ ಇಲ್ಲವಂತೆ.

"ಸತ್ತಿದ್ರ ಸಾಯ್ಲಿ ಬಿಡು," ಅಂದ ಮಗ ಜಂಬುನಾಥ, ಅಂಗಿ ಬಿಚ್ಚಿ ಧೂಳು ಕೊಡವುತ್ತ. ಅವನೂ ಅದೇ ಪ್ಲಾಟಿನಲ್ಲಿ ಲಾರಿ ತೂಗುವ ಕಾಟಾದ ಮೇಲೆ ಕೆಲಸಕ್ಕಿದ್ದ. "ಎರಡು ವರ್ಷದಿಂದ ಹೇಳಾಕ ಹತ್ತೀನಿ, ಅದನ್ನ ಗುಜರಿಗೆ ಹಾಕ್ರಿ ಅಂತ."

"ಗುಜರಿಗೆ ಹಾಕಿದ್ರ ಅದರಾಗಿನ ಮಾತು ಎಲ್ಲಿ ಹಾಕ್ಲಿ?" ಅಂದ ಪಾಲಪ್ಪ. ಕಪಾಟಿನಿಂದ ಒಂದು ಕಟ್ಟು ತೆಗೆದು ಮಗನ ಮುಂದೆ ಇಟ್ಟ. "ಇದನ್ನ ಏನು ಮಾಡ್ಲಿ?"

ಎಂಬತ್ತಮೂರು ಬಿಳಿ ಹಾಳೆ. ಪ್ರತಿ ಹಾಳೆಯ ಬುಡದಲ್ಲೂ ಒಂದು ಹೆಬ್ಬೆಟ್ಟು, ಕೆಲವಕ್ಕೆ ವಕ್ರ ಸಹಿ. ಮೇಲೆಲ್ಲ ಖಾಲಿ.

ಗಾದಿಗನೂರಿನ ಕೆರೆ ಪಕ್ಕ ಪ್ಲಾಟಿನ ಸಾವ್ಕಾರ ಅದಿರು ಪುಡಿ ಮಾಡಿ ತೊಳೆಯುವ ಕಾರ್ಖಾನೆ ಹಾಕುವವನಿದ್ದ. ಊರಿನವರ ಅಹವಾಲು ಕೇಳಲು ಮೂರು ವಾರದಾಚೆಯ ಬುಧವಾರಕ್ಕೆ ಸಭೆ ಗೊತ್ತಾಗಿತ್ತು. ಅದರ ಹಿಂದಿನ ದಿನ, ಮಂಗಳವಾರದೊಳಗೆ, ಬರಹದಲ್ಲಿ ತಕರಾರು ಕೊಡಬೇಕು. ಊರಿನವರು ಒಬ್ಬೊಬ್ಬರಾಗಿ ಬಂದು ಪಾಲಪ್ಪನ ಪಕ್ಕ ಕೂತು ಹೇಳಿದ್ದರು. ಅವನು ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿದವನು. ಪ್ರೆಸ್ಸು ಮುಚ್ಚಿದಾಗ ಮಾಲೀಕರು ಈ ಕಂಪ್ಯೂಟರ್ ಕೊಟ್ಟು ಕೈಮುಗಿದಿದ್ದರು. ಐವತ್ತೆರಡನೇ ವಯಸ್ಸಿಗೆ ಕೀಲಿಮಣೆ ಕಲಿತು, ಹೇಳಿದ್ದನ್ನು ಹೇಳಿದ ಹಾಗೇ ಹೊಡೆಯುತ್ತಿದ್ದ. ಮಾತು ಕೇಳಿದ ದಿನವೇ ಖಾಲಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು, ಕೊನೆಗೆ ಎಲ್ಲವನ್ನೂ ಒಟ್ಟಿಗೆ ಅದರ ಮೇಲೇ ಮುದ್ರಿಸುವುದು ಅವನ ಪದ್ಧತಿ. ಎರಡು ಸಲ ಕರೆಸಿದರೆ ಬಡವರಿಗೆ ಎರಡು ದಿನದ ಕೂಲಿ ಹೋಗುತ್ತದಲ್ಲ.

"ಖಾಲಿ ಹಾಳಿ ಮ್ಯಾಲೆ ಹೆಬ್ಬೆಟ್ಟು ಇಟ್ಕೊಂಡು ಕುಂತೀಯಲ್ಲಪ್ಪ, ಯಾರಾರ ನೋಡಿದ್ರ ಏನಂತಾರ?" ಅಂದ ಜಂಬುನಾಥ.

"ಏನಂತಾರ? ಪಾಲಪ್ಪನ್ನ ನಂಬ್ಯಾರ ಅಂತಾರ."

ಆ ರಾತ್ರಿ ಎಲ್ಲರೂ ಅವಲಕ್ಕಿ ತಿಂದು ಮಲಗಿದರು.

ಮರುದಿನ ರಿಪೇರಿಯ ಅಂಜಿನಯ್ಯ ಬಂದು ಡಬ್ಬಿ ಬಿಚ್ಚಿದ.

"ಪಾಲಣ್ಣ, ಇದು ಕಂಪ್ಯೂಟರಲ್ಲ, ಹೊಲ ಐತಿ. ಪಟ್ಟಾ ಮಾಡಿಸ್ಕೊಂಡು ಶೇಂಗಾ ಬಿತ್ತು." ಆಮೇಲೆ ದೀಪ ಹಿಡಿದು ನೋಡಿ, ನಗು ನಿಲ್ಲಿಸಿದ. "ಬೋರ್ಡು ಸುಟ್ಟೈತಿ. ನೀರು ಬಿದ್ದಂಗ ಕಾಣ್ತೈತಿ."

"ನೀರೆಲ್ಲಿಂದ ಬರ್ತೈತಿ? ಟ್ಯಾಂಕಿನ ನೀರು ಬಿಡ್ಸಿ ಗಾಳಿ ಹೊಡ್ಸ್ಯಾಳ ನಮ್ಮಾಕಿ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಗಾಳೆಮ್ಮನ ಕೈ ನಿಂತಿತು. ಅಷ್ಟರಲ್ಲಿ ಜಂಬುನಾಥ ಹೆಂಡತಿಯ ಕಡೆ ತಿರುಗಿದ್ದ.

"ನೀರಿನ ಚೊಂಬು ಪಕ್ಕದಾಗ ಇಟ್ಕೊಂಡು ಟೈಪ್ ಮಾಡಬ್ಯಾಡ ಅಂತ ಎಷ್ಟು ಸಲ ಹೇಳೀನಿ ನಿನಗ?"

"ನಾ ಚೆಲ್ಲಿಲ್ಲರೀ."

"ನೀ ಚೆಲ್ಲಿಲ್ಲ, ಅದು ತಾನ ಎದ್ದು ಹೋಗಿ ಜಳಕ ಮಾಡ್ತೇನು?"

"ದೇವರಾಣಿ, ಚೆಲ್ಲಿಲ್ಲ. ಐದು ತಿಂಗಳ ಬಸುರಿ ಅದೀನಿ, ನೀರು ಕುಡೀಬಾರದೇನು ಈ ಮನ್ಯಾಗ?"

ಪಾಲಪ್ಪ ಚೊಂಬನ್ನು ನೋಡಿದ, ಅವಳನ್ನು ನೋಡಿದ, ತಲೆ ತಗ್ಗಿಸಿದ. ಬೈದಿದ್ದರೇ ಚೆನ್ನಾಗಿತ್ತು. ಗಾಳೆಮ್ಮ ಹೆಂಚಿನ ಮೇಲಿನ ರೊಟ್ಟಿ ಹೊತ್ತುವವರೆಗೂ ನಿಂತೇ ಇದ್ದಳು. ಹೇಳಬೇಕಾದ ಮಾತು ಅಲ್ಲೇ ನಾಲಿಗೆಯ ಮೇಲಿತ್ತು, ಆದರೆ ಅಂಜಿನಯ್ಯನ ಎದುರು, ಪರರ ಎದುರು ಹೇಗೆ ಹೇಳುವುದು? ಅಂಜಿನಯ್ಯ ಹೋದ ಮೇಲೆ ಗೇಟಿಗೆ ಹೊತ್ತಾಗಿತ್ತು. ಗೇಟಿನಿಂದ ಬಂದ ಮೇಲೆ ಎಲ್ಲರೂ ಉಣ್ಣುತ್ತಿದ್ದರು. ಹೀಗೆ ದಿನಗಳು ಜಾರಿದವು.

ಸ್ನೇಹಾ ಅಂದಿನಿಂದ ಆ ಕೋಣೆಗೆ ಒಂದು ಲೋಟವನ್ನೂ ಒಯ್ಯಲಿಲ್ಲ. ಅತ್ತೆ ಬಡಿಸಿದ್ದನ್ನು ಉಂಡಳು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಕಂಪ್ಲಿಯ ತವರಿಗೆ ಹೋಗಿ ಬರುತ್ತೇನೆ ಅಂದಾಗ ಜಂಬುನಾಥ, "ಹೋಗು, ಅಲ್ಲಿ ಹೊಳಿನ ಐತಿ, ಬೇಕಾದಷ್ಟು ಚೆಲ್ಲು," ಅಂದ. ಅವಳು ಹೋಗಲಿಲ್ಲ.

ಗಾಳೆಮ್ಮ ಅವಳ ತಾಟಿಗೆ ಒಂದು ಚಮಚೆ ತುಪ್ಪ ಹೆಚ್ಚಿಗೆ ಹಾಕತೊಡಗಿದಳು.

"ಬ್ಯಾಡ್ರಿ ಅತ್ತಿ. ಯಾಕ ಹಾಕ್ತೀರಿ ದಿನಾ?"

"ತಿನ್ನವ್ವ. ಹೊಟ್ಟ್ಯಾಗಿಂದಕ್ಕ."

ಡಬ್ಬಿಯೊಳಗೆ ಬರಹ ಕೂಡಿಡುವ ಭಾಗಕ್ಕೆ ಏನೂ ಆಗಿರಲಿಲ್ಲ. ಅಂಜಿನಯ್ಯ ಅದನ್ನು ತನ್ನ ಅಂಗಡಿಯ ಹೊಸ ಕಂಪ್ಯೂಟರಿಗೆ ತಗುಲಿಸಿ ನೋಡಿದ. ಎಂಬತ್ತಮೂರು ಹೆಸರೂ ಕಂಡವು. ಒಂದನ್ನು ತೆರೆದರೆ ಇರುವೆ ಸಾಲು ಚದುರಿದಂತೆ ಏನೇನೋ ಗುರುತುಗಳು, ಒಂದೂ ಕನ್ನಡ ಅಕ್ಷರವಲ್ಲ. ಪಾಲಪ್ಪನ ಕನ್ನಡದ ತಂತ್ರಾಂಶಕ್ಕೆ ಒಂದು ಲಾಕು ಇತ್ತು. ಹೆಬ್ಬೆರಳಿನಷ್ಟು ದಪ್ಪದ ತುಂಡು, ಡಬ್ಬಿಯ ಬೆನ್ನಿಗೆ ಸ್ಕ್ರೂ ಹಾಕಿ ಕೂರಿಸಿದ್ದು. ಅದು ಅಲ್ಲಿದ್ದರೆ ಮಾತ್ರ ಅಕ್ಷರ ಮೂಡುತ್ತಿದ್ದವು.

"ಹೊಸ ಕಂಪ್ಯೂಟರಿಗೆ ಆ ಲಾಕು ಕೂಡಾಕ ಜಾಗಾನ ಇಲ್ಲ ಪಾಲಣ್ಣ. ಆ ತೂತು ತೆಗದ್ ಬಿಟ್ಟಾರ. ಬ್ಯಾಡಂತ ಅದು."

"ಯಾರಿಗೆ ಬ್ಯಾಡಂತ?"

"ಮಾಡೋರಿಗೆ."

"ಇಟ್ಕೊಂಡೋರ್ನ ಕೇಳ್ಯಾರೇನು?"

"ನಿನ್ನ ಕೇಳಿ ಮಾಡ್ತಾರೇನಪಾ ಅವರು?" ಅಂಜಿನಯ್ಯ ನಕ್ಕ. "ಹೊಸ ತಂತ್ರಾಂಶ ಬಂದೈತಿ. ಅದು ಪ್ರತಿ ಸಲಾ ಇಂಟರ್ನೆಟ್ಟಿನ್ಯಾಗ ಹೋಗಿ, ನೀ ನೀನ ಹೌದೋ ಅಲ್ಲೋ ಅಂತ ಕೇಳಿ ಬರ್ತೈತಿ. ಹಳೇ ಬರಹ ಅದಕ್ಕೂ ಬರಂಗಿಲ್ಲ."

"ಸೀಸದ ಮೊಳಿ ಇದ್ದಾಗ ಹಿಂಗ ಇರ್ಲಿಲ್ಲ. ಹತ್ತು ವರ್ಷದ ಹಿಂದಿನ ಬ್ಲಾಕು ತಂದಿಟ್ರೂ ಮಸಿ ಹಚ್ಚಿದ್ರ ಮಾತಾಡ್ತಿತ್ತು."

ಹಳೆ ತೂತಿರುವ ಹಳೆ ಬೋರ್ಡು ಹುಡುಕುವುದೊಂದೇ ದಾರಿ. ಅಂಜಿನಯ್ಯ ಊರೂರಿಗೆ ಫೋನು ಹಚ್ಚತೊಡಗಿದ.

ಒಂದು ವಾರ ಕಳೆಯಿತು. ರಾತ್ರಿ ಊಟಕ್ಕೆ ಕೂತಾಗ ಜಂಬುನಾಥ ಪುಂಡಿಪಲ್ಯ ಕಲಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದ:

"ಮ್ಯಾನೇಜರ್ ಕೇಳಿದ್ರು. ನಿಮ್ಮಪ್ಪನ ಕಂಪ್ಯೂಟರ್ ಕೆಟ್ಟೈತಂತಲ್ಲ ಅಂತ. ಆಫೀಸಿಂದು ಒಂದು ಹೊಸದು ಕೊಡ್ತಾರಂತ. ಹಳೇದು ಕೊಟ್ಟು ಹೊಸದು ಒಯ್ಯಿ ಅಂದ್ರು."

ಪಾಲಪ್ಪ ರೊಟ್ಟಿ ಮುರಿಯುವುದನ್ನು ಬಿಟ್ಟ. "ಹಳೇದು ಯಾಕ ಬೇಕಂತ ಅವರಿಗೆ?"

"ನನಗೇನ್ ಗೊತ್ತು?"

"ಗೊತ್ತಿಲ್ಲ ನಿನಗ?"

"ಗೊತ್ತೈತಿ!" ಜಂಬುನಾಥನ ದನಿ ಏರಿತು. "ಗೊತ್ತೈತಪ್ಪ. ನಾನೂ ಅದ ಪ್ಲಾಟಿನ್ಯಾಗ ಉಣ್ತೀನಿ, ಅವ್ವನೂ ಅದರಾಗ ಉಣ್ತಾಳ, ಈ ರೊಟ್ಟೀನೂ ಅಲ್ಲಿಂದ ಬಂದದ್ದ. ನೀ ಅವರ ಮ್ಯಾಲ ಅರ್ಜಿ ಹೊಡೀತಿ. ನಾಲ್ಕು ತಿಂಗಳಿಗೆ ಮನ್ಯಾಗ ಕೂಸು ಬರ್ತೈತಿ. ಅದಕ್ಕ ಏನು, ನಿನ್ನ ಹೆಬ್ಬೆಟ್ಟಿನ ಹಾಳಿ ತಿನ್ನಿಸ್ಲೇನು?"

"ಕೂಸು ಬಂದು ಏನು ನೀರು ಕುಡಿಬೇಕು ಅಂತ ಮಾಡೀಯಲೇ?"

"ಗಾದಿಗನೂರು ಕೆರಿ ನೀರು ಕುಡ್ಯಂಗಿಲ್ಲ ನನ್ನ ಕೂಸು."

"ನಿಮ್ಮವ್ವ ಕುಡಿದ ಬೆಳದದ್ದು ಅದನ್ನ," ಅಂದು ಪಾಲಪ್ಪ ಹೆಂಡತಿಯ ಕಡೆ ತಿರುಗಿದ. "ನಿನ್ನ ತವರೂರು. ಎಂಬತ್ತಮೂರು ಮಂದಿ ಬಂದು ಹೇಳಿದ್ರು, ನೀ ಒಬ್ಬಾಕಿ ಏನೂ ಹೇಳ್ಲಿಲ್ಲ."

"ನಾ ಹೇಳಿದ್ರ ಗೇಟು ಬಿಡಿಸ್ತಾರ," ಅಂದಳು ಗಾಳೆಮ್ಮ. "ಉಣ್ರಿ ಸುಮ್ನ."

ಎರಡು ದಿನದ ಮೇಲೆ ಗಾದಿಗನೂರಿನಿಂದ ಸುದ್ದಿ ಬಂತು: ಸುಂಕಲಮ್ಮ ಹೋದಳು. ಗಾಳೆಮ್ಮನಿಗೆ ಚಿಗವ್ವನಾಗಬೇಕು, ಎತ್ತಿ ಆಡಿಸಿದವಳು. ಎಂಬತ್ತಮೂರರಲ್ಲಿ ಎಲ್ಲರಿಗಿಂತ ಮೊದಲು ಬಂದು, ಅರ್ಧ ದಿನ ಕೂತು, ನಡುವೆ ಎರಡು ಸಲ ಎಲೆಯಡಿಕೆ ಹಾಕಿಕೊಂಡು ಮಾತಾಡಿ ಹೋದವಳು ಅವಳೇ. ಗೇಟಿಗೆ ರಜೆ ಹಾಕಿ ಗಾಳೆಮ್ಮ ಮಣ್ಣಿಗೆ ಹೋದಳು. ಕುಣಿಯಿಂದ ತೆಗೆದ ಮಣ್ಣೂ ಕೆಂಪು, ಮೇಲೆ ಗಿಡಗಳ ಎಲೆಯೂ ಕೆಂಪು.

ಎಲ್ಲ ಮುಗಿದ ಮೇಲೆ ಸುಂಕಲಮ್ಮನ ಸೊಸೆ ಯಲ್ಲಕ್ಕ ಕೈ ಹಿಡಿದುಕೊಂಡಳು.

"ಗಾಳವ್ವ, ಅತ್ತಿ ಮಾತು ನಿಮ್ಮ ಮನಿ ಕಂಪ್ಯೂಟರಿನ್ಯಾಗ ಐತಂತಲ್ಲ. ಏನೇನು ಹೇಳಿದ್ಲು ಅಂತ ನಮಗೂ ಹೇಳ್ಲಿಲ್ಲ. ಸಭಿಯಾಗ ಓದ್ತಾರ ಹೌದಲ್ಲ? ಕೇಳಬೇಕು ಒಂದು ಸಲ."

"ಓದ್ತಾರವ್ವ," ಅಂದಳು ಗಾಳೆಮ್ಮ.

ಬಸ್ಸಿನಲ್ಲಿ ಕೂತು ಬರುವಾಗ ಎಣಿಸಿದಳು. ಉಳಿದ ಎಂಬತ್ತೆರಡು ಮಂದಿಯನ್ನು ಕೈಕಾಲು ಹಿಡಿದಾದರೂ ಮತ್ತೆ ಕರೆಸಬಹುದು. ಸುಂಕಲಮ್ಮನ ಹೆಬ್ಬೆಟ್ಟಿನ ಹಾಳೆ ಕಪಾಟಿನಲ್ಲಿತ್ತು. ಅದರ ಮೇಲಿನ ಮಾತನ್ನು ಇನ್ನು ಯಾರ ಬಾಯಿಂದ ಹೇಳಿಸುವುದು?

ಮನೆಗೆ ಬಂದು ಗಂಡನನ್ನು ಕೇಳಿದಳು: "ನಿಮಗ ನೆನಪಿರಬೇಕಲ್ರಿ ಚಿಗವ್ವ ಹೇಳಿದ್ದು? ಬ್ಯಾರೆ ಎಲ್ಯಾರ ಹೊಡೀಬಹುದಲ್ಲ?"

"ನೆನಪಿಲೆ ಹೊಡದ್ರ ಅದು ನನ್ನ ಮಾತು ಆಗ್ತೈತಿ. ಹೆಬ್ಬೆಟ್ಟು ಆಕಿದು." ಪಾಲಪ್ಪ ಗೋಡೆ ಕಡೆ ಹೊರಳಿದ. "ಸತ್ತಾಕಿ ಹೆಬ್ಬೆಟ್ಟಿನ ಮ್ಯಾಲೆ ನನ್ನ ಮಾತು ಹಾಕಿದ್ರ, ನನಗೂ ಸಾವ್ಕಾರಗೂ ಏನು ಫರಕು?"

ಬೋರ್ಡು ಸಿಕ್ಕಿತು. ಮರಿಯಮ್ಮನಹಳ್ಳಿಯಲ್ಲಿ ಮುಚ್ಚಿಹೋದ ಸೈಬರ್ ಸೆಂಟರಿನ ಗೋದಾಮಿನಲ್ಲಿ, ಕೋಳಿ ಗೂಡಿನ ಕೆಳಗೆ ಇತ್ತಂತೆ. ಅಂಜಿನಯ್ಯ ಗುರುವಾರ ಅದನ್ನು ಕೂರಿಸಿದ. ಕಂಪ್ಯೂಟರಿಗೆ ಜೀವ ಬಂತು. ಆದರೆ ಲಾಕು ಕೂರುವ ತೂತಿನ ಕಾಲುಗಳು ಮುರಿದಿದ್ದವು. ಅವನ್ನು ಬೆಸೆಯಲು ಎರಡು ದಿನ ಹಿಡಿಯಿತು. ಆ ಎರಡು ದಿನವೂ ಪರದೆಯ ಮೇಲೆ ಒಂದು ಚೀಟಿ ಮೂಡುತ್ತಿತ್ತು: ಈ ಯಂತ್ರ ಬದಲಾಗಿದೆ, ಮೂರು ದಿನದೊಳಗೆ ಖಾತ್ರಿ ಮಾಡಿಕೊಳ್ಳಿ. ಕೆಲಸದ ಗಡಿಬಿಡಿಯಲ್ಲಿ ಅಂಜಿನಯ್ಯ ಪ್ರತಿ ಸಲವೂ 'ಆಮೇಲೆ' ಅನ್ನುವುದನ್ನು ಒತ್ತಿದ. ಭಾನುವಾರ ಮುಂಜಾನೆ ಮನೆಗೆ ತಂದು ಹಚ್ಚಿದಾಗ 'ಆಮೇಲೆ' ಅನ್ನುವುದೇ ಇರಲಿಲ್ಲ. ಬಾಗಿಲು ಮುಚ್ಚಿತ್ತು.

"ಇದೇನಿದು?" ಅಂದ ಪಾಲಪ್ಪ. "ಲಾಕು ಕನ್ನಡಕ್ಕಲ್ಲೇನು?"

"ಇದು ಬ್ಯಾರೆ ಲಾಕಪಾ. ಇಡೀ ಕಂಪ್ಯೂಟರಿಂದು. ಬೋರ್ಡು ಬದಲಾತಲ್ಲ, ಇದು ಕಳವಿನ ಮಾಲು ಇರಬೇಕು ಅಂತ ಅದರ ಲೆಕ್ಕ."

"ನನ್ನ ಮನ್ಯಾಗ ನಾನ ಕಳ್ಳ ಆದ್ನೇನು?"

ಮೊದಲು ಟೆಲಿಫೋನಿನ ತಂತಿಯಿಂದ ಇಂಟರ್ನೆಟ್ ಹಚ್ಚಿದರು. ಅದು ಕಿರುಚಿತು, ಗೊರಗುಟ್ಟಿತು, ಎರಡು ಸಲ ಕಡಿಯಿತು. ಮೂರನೇ ಸಲ ಹೋಗಿ, ಖಾತ್ರಿ ಆಗಲಿಲ್ಲ, ಫೋನು ಮಾಡಿ ಅಂದಿತು. ತಂತಿ ಬಿಚ್ಚಿ ಫೋನಿಗೆ ಹಾಕಿದರು. ಯಂತ್ರದ ದನಿಯೊಂದು ಇಂಗ್ಲಿಷಿನಲ್ಲಿ ಮಾತಾಡಿತು. ಪರದೆಯ ಮೇಲಿನ ಐವತ್ತನಾಲ್ಕು ಅಂಕಿ ಒತ್ತಬೇಕು. ಕಂಪ್ಲಿಯಲ್ಲಿ ಪಿಯುಸಿ ಮುಗಿಸಿದ ಸ್ನೇಹಾಳೇ ರಿಸೀವರ್ ಹಿಡಿದಳು. ಒತ್ತಿದಳು. ತಪ್ಪು ಅಂದಿತು. ಮತ್ತೆ ಒತ್ತಿದಳು. ಮತ್ತೂ ತಪ್ಪು. ಕೊನೆಗೆ ಯಂತ್ರ ಸೋತು, ಎಲ್ಲೋ ದೂರದ ಊರಿನ ಒಬ್ಬ ಹೆಣ್ಣುಮಗಳಿಗೆ ಫೋನು ದಾಟಿಸಿತು. ಅವಳು ಹಿಂದಿಯಲ್ಲಿ ಕೇಳತೊಡಗಿದಳು.

ಗಾಳೆಮ್ಮ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

"ಎಷ್ಟು ಕಂಪ್ಯೂಟರಿಗೆ ಹಾಕೀರಿ ಅಂತಾಳ."

"ಒಂದ. ಒಂದ ಅನ್ನು," ಅಂದ ಅಂಜಿನಯ್ಯ.

"ಮಾಲೀಕರು ಯಾರು ಅಂತಾಳ."

"ಪಾಲಪ್ಪ. ಕಾಂಪೋಸಿಟರ್ ಪಾಲಪ್ಪ ಅನ್ನು," ಅಂದ ಪಾಲಪ್ಪ.

ಸ್ನೇಹಾ ಒಂದು ಗಳಿಗೆ ಕೇಳಿಸಿಕೊಂಡಳು. ರಿಸೀವರ್ ಬಾಯಿಗೆ ಅಂಗೈ ಮುಚ್ಚಿ, ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು.

"ಬೋರ್ಡು ಯಾಕ ಬದಲು ಮಾಡಿದ್ರಿ, ಹಳೇದಕ್ಕ ಏನಾತು ಅಂತ ಕೇಳ್ತಾಳ. ಏನು ಹೇಳ್ಲಿ? ಮನಿ ಸೊಸಿ ನೀರು ಚೆಲ್ಯಾಳ ಅಂತ ಹೇಳ್ಲೇನ್ರಿ ಮಾವ?"

"ಏನಾರ ಹೇಳು, ಕೆಲಸ ಆಗ್ಲಿ," ಅಂದ ಜಂಬುನಾಥ.

"ಏನಾರ ಹೇಳಬ್ಯಾಡ," ಅಂದಳು ಗಾಳೆಮ್ಮ. "ಇದ್ದದ್ದು ಹೇಳು. ಪಂಕ್ಚರ್ ಅಂಗಡ್ಯಾಗ ಗಾಳಿ ಹೊಡ್ಸಿದ್ರು, ಗಾಳ್ಯಾಗ ನೀರು ಬಂತು, ಸುಟ್ಟೋತು ಅಂತ ಹೇಳು."

"ನೀರು ಬಿಡ್ಸಿದ್ಯಲ್ಲ?" ಅಂದ ಪಾಲಪ್ಪ.

"ಬಿಡ್ಸಿಲ್ಲ. ಪಾಳಿಗೆ ಹೊತ್ತಾಗಿತ್ತು. ಬಿಡ್ಸೀನಿ ಅಂತ ನಿಮಗ ಸುಳ್ಳು ಹೇಳಿದೆ. ಈ ಹುಡುಗಿ ಮ್ಯಾಲ ಬಂದಾಗ್ಲೂ ಬಾಯಿ ಬಿಡ್ಲಿಲ್ಲ."

ರಿಸೀವರಿನೊಳಗಿಂದ ಹಲೋ ಹಲೋ ಅನ್ನುವುದು ಕೋಣೆಗೆಲ್ಲ ಕೇಳುತ್ತಿತ್ತು.

"ಮೂರು ವಾರ, ಅತ್ತಿ," ಅಂದಳು ಸ್ನೇಹಾ. ಅಷ್ಟೇ ಅಂದಳು. ಆಮೇಲೆ ಅಂಗೈ ತೆಗೆದು, ತನಗೆ ಬಂದಷ್ಟು ಹಿಂದಿಯಲ್ಲಿ ವಿವರಿಸಿದಳು. ಆ ಕಡೆಯವಳು ಮೂರು ಸಲ ಕೇಳಿದಳು: ಪಂಕ್ಚರ್ ಅಂಗಡಿಯೇ? ಕಂಪ್ಯೂಟರಿಗೆ ಗಾಳಿಯೇ? ಲಾರಿಗೆ ಹೊಡೆಯುವ ಗಾಳಿಯೇ? ಆಮೇಲೆ ನಕ್ಕಳು. ಅವಳಿಗೆ ಮೇಜಿನ ಮೇಲೆ ಬರೆದುಕೊಟ್ಟ ಪ್ರಶ್ನೆಗಳಿಗೆ ಈ ಉತ್ತರ ಎಂದೂ ಬಂದಿರಲಾರದು. ಇಂಥ ಸುಳ್ಳನ್ನು ಯಾರೂ ಕಟ್ಟಲಾರರು ಅನ್ನಿಸಿತೋ ಏನೋ, ಬರೆದುಕೊಳ್ಳಿ, ನಲವತ್ತೆರಡು ಅಂಕಿ ಹೇಳುತ್ತೇನೆ ಅಂದಳು.

ಅಂಕಿ ಗುಂಡಿನಂತೆ ಬಂದವು. ಸ್ನೇಹಾಳ ಪೆನ್ನು ಎರಡನೇ ಸಾಲಿಗೇ ತಪ್ಪಿತು.

"ಕೊಡಿಲ್ಲಿ," ಅಂದು ಗಾಳೆಮ್ಮ ರಿಸೀವರನ್ನು ಹಿಟ್ಟಿನ ಕೈಯಲ್ಲೇ ಕಿವಿಗೆ ಒತ್ತಿಕೊಂಡು ಕುಕ್ಕರುಗಾಲಲ್ಲಿ ಕೂತಳು. "ಹೇಳಮ್ಮ, ಹೇಳ್ತಾ ಹೋಗು. ನಿಲ್ಲಬ್ಯಾಡ."

ಲಾರಿಗಳು ಯಾವತ್ತಾದರೂ ಅವಳಿಗಾಗಿ ನಿಂತಿದ್ದವೇ? ಕ್ಲೀನರ್ ಹುಡುಗರು ಓಡುವ ಗಾಡಿಯಿಂದ ಕಿರುಚುತ್ತಿದ್ದ ಇಂಗ್ಲಿಷಿನ ಅಂಕಿಗಳು ಇವೇ ಆಗಿದ್ದವು. ಆರಾರರಂತೆ ಏಳು ಗುಂಪು, ನಲವತ್ತೆರಡನ್ನೂ ಹಳೆ ಪೇಪರಿನ ಅಂಚಿನಲ್ಲಿ ಸಾಲಾಗಿ ಬರೆದಳು. ತಿರುಗಿ ಓದಿ ಹೇಳಿದಳು. ಒಂದೂ ತಪ್ಪಿರಲಿಲ್ಲ. ಅವಳು ಓದಿದಂತೆ ಪಾಲಪ್ಪ ಹೊಡೆದ. ಹೆಂಡತಿಯ ಮುಖ ನೋಡಲಿಲ್ಲ, ಅಂಕಿಯನ್ನಷ್ಟೇ ಕೇಳಿಸಿಕೊಂಡ.

ಬಾಗಿಲು ತೆರೆಯಿತು. ಕನ್ನಡದ ತಂತ್ರಾಂಶ ಹಚ್ಚಿದರು. ಇರುವೆಗಳೆಲ್ಲ ಸಾಲಿಗೆ ಬಂದು ಅಕ್ಷರಗಳಾಗಿ ನಿಂತವು.

ಎಲ್ಲಕ್ಕಿಂತ ಮೊದಲು ಸುಂಕಲಮ್ಮನದನ್ನು ತೆರೆದ ಪಾಲಪ್ಪ. "ಓದವ್ವ," ಅಂದ ಸ್ನೇಹಾಳಿಗೆ. ಅವಳು ಓದಿದಳು:

"ನಮ್ಮ ಎಮ್ಮಿ ಕೆರಿಗೆ ಹೋಗ್ತೈತಿ, ನೀರು ಮೂಸಿ ನೋಡ್ತೈತಿ, ಮಾರಿ ತಿರುವಿ ಬರ್ತೈತಿ. ಅದಕ್ಕ ಬೋರಿನ ನೀರು ತಂದು ಹಾಕ್ತೀನಿ. ನಾನು ಕೆರಿ ನೀರ ಕುಡೀತೀನಿ, ಯಾಕಂದ್ರ ಎಮ್ಮಿ ಹಾಲು ಕೊಡ್ತೈತಿ, ನಾ ಕೊಡಂಗಿಲ್ಲ. ಸಾಹೇಬ್ರು ಸಭಿಗೆ ಬರುವಾಗ ಬಾಟ್ಲಿ ನೀರು ತರ್ತಾರಂತ. ಆ ಬಾಟ್ಲಿ ಒಳಗ ಇಟ್ಟು, ನಮ್ಮ ಕೆರಿದು ಒಂದು ಲೋಟ ಕುಡೀಲಿ. ಕುಡಿದು, ಆಮ್ಯಾಲೆ ಏನು ಹೇಳ್ತಾರೋ ನಾ ಕೇಳ್ತೀನಿ. ಅಲ್ಲೀತನ ನಾ ಒಪ್ಪಂಗಿಲ್ಲ."

ಅಂಜಿನಯ್ಯ ಗಟ್ಟಿಯಾಗಿ ನಕ್ಕು, ನಗಬಾರದಿತ್ತೇನೋ ಎಂದು ಸುಮ್ಮನಾದ. ಗಾಳೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಪ್ರಿಂಟರ್ ಕರಕರ ಶುರು ಮಾಡಿತು. ಪಾಲಪ್ಪ ಹೆಬ್ಬೆಟ್ಟಿನ ಹಾಳೆಗಳನ್ನು ಒಂದೊಂದಾಗಿ, ಹೆಸರು ನೋಡಿ, ಗುರುತು ನೋಡಿ ಕೊಟ್ಟ. ಜಂಬುನಾಥ ಬಹಳ ಹೊತ್ತು ಕೈ ಕಟ್ಟಿ ನಿಂತಿದ್ದವನು, ಹಾಳೆ ಸೊಟ್ಟಗೆ ಹೋದಾಗ ಬಾಗಿ ಅಂಚು ಹಿಡಿದ. ಆಮೇಲೆ ಬಿಡಲಿಲ್ಲ. ಕರೆಂಟು ಎರಡು ಸಲ ಹೋಗಿ ಬಂತು. ಮಧ್ಯಾಹ್ನದ ಅಡಿಗೆಯನ್ನು ಸ್ನೇಹಾ ಮಾಡಿದಳು. ಬಡಿಸುವಾಗ ಅತ್ತೆಯ ತಾಟಿಗೆ ಎಲ್ಲರಿಗೆ ಹಾಕಿದಷ್ಟೇ ಹಾಕಿದಳು, ಹೆಚ್ಚಿಲ್ಲ ಕಡಿಮೆಯಿಲ್ಲ.

ಸಂಜೆ ನಾಲ್ಕಕ್ಕೆ ಎಂಬತ್ತಮೂರನೆಯದು ಹೊರಬಂತು. ಪಾಲಪ್ಪ ಕಟ್ಟನ್ನು ತಟ್ಟಿ ಸಮ ಮಾಡಿದ. ಕಂಪ್ಯೂಟರ್ ಆರಿಸಲು ಕೈ ಚಾಚಿದ.

"ಇರ್ಲಿ, ಆರಿಸಬ್ಯಾಡ್ರಿ," ಅಂದಳು ಗಾಳೆಮ್ಮ. ಗೋಡೆಗಿದ್ದ ಮಣೆ ಎಳೆದುಕೊಂಡು ಗಂಡನ ಪಕ್ಕ ಕೂತಳು. "ಒಂದು ಹಾಳಿ ಉಳದೈತೇನು?"

ಪಾಲಪ್ಪ ಮುಂಜಾನೆಯಿಂದ ಮೊದಲ ಸಲ ಅವಳನ್ನು ನೋಡಿದ. ಕೀಲಿಮಣೆಯ ಮೇಲೆ ಬೆರಳಿಟ್ಟ.

"ಹೆಸರು?"

"ಗೊತ್ತಿಲ್ಲೇನು ನಿಮಗ?"

"ಗೊತ್ತೈತಿ. ಆದ್ರ ನೀನ ಹೇಳಬೇಕು."

"ಗಾಳೆಮ್ಮ. ಗಂಡ ಪಾಲಪ್ಪ..."

"ತಂದಿ ಹೆಸರು ಹೇಳು. ಊರು ತಂದಿದು."

"ತಂದಿ ವಿರೂಪಾಕ್ಷಪ್ಪ. ಗಾದಿಗನೂರು."

"ಅವ್ವಾ," ಅಂದ ಜಂಬುನಾಥ, "ನಾಳೆಯಿಂದ ಗೇಟಿಗೆ ಬರಬ್ಯಾಡ ಅಂತಾರ."

"ಅಂದ್ರ ಹೋಗಂಗಿಲ್ಲ."

"ನನಗೂ ಅಂತಾರ."

ಗಾಳೆಮ್ಮ ಮಗನ ಕಡೆ ನೋಡಿದಳು, ಸೊಸೆಯ ಹೊಟ್ಟೆಯ ಕಡೆ ನೋಡಿದಳು. ಅಂದದ್ದು ಸುಳ್ಳಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು.

"ಅನ್ನಬಹುದಪ್ಪ," ಅಂದಳು. ಆಮೇಲೆ ಪರದೆ ಕಡೆ ತಿರುಗಿ, ಸಂತೆಯಲ್ಲಿ ನಿಂತವಳಂತೆ ದನಿ ಎತ್ತಿ ಹೇಳಿದಳು: "ನಾ ಪ್ಲಾಟಿನ ಗೇಟಿನ್ಯಾಗ ಲಾರಿ ನಂಬರು ಬರ್ಯಾಕಿ. ಮೂರು ಲಾರಿ ಹೋದ್ರ ಒಂದು ಬರಿ, ಎರಡು ಬಿಡು ಅಂತ ಹೇಳ್ಯಾರ ನನಗ. ನಾಲ್ಕು ವರ್ಷ ಹಂಗ ಬರ್ದೀನಿ. ಬಿಟ್ಟ ಲಾರಿ ಸರ್ಕಾರದ ಲೆಕ್ಕಕ್ಕ ಇಲ್ಲ."

ಪಾಲಪ್ಪನ ಬೆರಳು ನಿಂತವು. ಕಾಟಾದ ಮೇಲೆ ಕೂತು ಆ ಎರಡನ್ನು ತೂಗದೆ ಬಿಟ್ಟಿದ್ದ ಜಂಬುನಾಥ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ಹೊರಗೆ ಹೋಗಲಿಲ್ಲ.

"ನಿಂತದ್ಯಾಕ?" ಅಂದಳು ಗಾಳೆಮ್ಮ ಗಂಡನಿಗೆ. "ಬರ್ಕೊಳ್ರಿ. ಇನ್ನೂ ಐತಿ."